ನಿಧಿ ಕಾಯುವ ಸರ್ಪಗಳು

ಕಳೆದ ಶ್ರಾವಣದಲ್ಲಿ ನನ್ನ ಹಿರಿಯ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಬೀದಿಗೆಲ್ಲ ‘ಮೇಷ್ಟ್ರು’. 1990ರ ದಶಕದಲ್ಲಿ ಅವರು ತಮ್ಮ ಸೀಮೆಯ ಮುದುಕಿಯರ ಜಗಲಿಗಳಲ್ಲಿ ಕುಳಿತು ಬೀಸುವ ಪದ, ಸೋಬಾನೆ ಪದಗಳನ್ನು ಬರೆದುಕೊಂಡು ಬಂದು, ಭವಿಷ್ಯನಿಧಿಯಿಂದ ಸಾಲ ತೆಗೆದು ಒಂದು ಕಂಪ್ಯೂಟರ್ ಕೊಂಡು, ಒಂದೊಂದೇ ಅಕ್ಷರ ಒತ್ತಿ ಏಳು ಫ್ಲಾಪಿಗಳಲ್ಲಿ ತುಂಬಿಟ್ಟಿದ್ದರು. ಹಾಡಿದ ಮುದುಕಿಯರು ಈಗ ಇಲ್ಲ. ಕೈಬರಹದ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತು. ಉಳಿದದ್ದು ಫ್ಲಾಪಿಗಳು ಮಾತ್ರ.

ಫ್ಲಾಪಿ ಓದುವ ಯಂತ್ರವೇನೋ ಸಿಕ್ಕಿತು. ಆದರೆ ಕಡತ ತೆರೆದರೆ ಕನ್ನಡವಿಲ್ಲ. ಚುಕ್ಕೆ, ಗೆರೆ, ಕೊಕ್ಕೆಗಳ ಸಂತೆ. ಯುನಿಕೋಡ್ ಎಂಬ ಸಾಮಾನ್ಯ ಸಂಕೇತ ನಮ್ಮಲ್ಲಿ ಬಳಕೆಗೆ ಬರುವ ಮುನ್ನ ಒಂದೊಂದು ಕನ್ನಡ ತಂತ್ರಾಂಶವೂ ತನ್ನದೇ ಗುಟ್ಟಿನ ಲೆಕ್ಕದಲ್ಲಿ ಅಕ್ಷರಗಳನ್ನು ಇಡುತ್ತಿತ್ತು. ಅವುಗಳಲ್ಲಿ ಕೆಲವಕ್ಕೆ ಪರಿವರ್ತಕಗಳು ಬಂದಿವೆ. ಮೇಷ್ಟರು ಬಳಸಿದ್ದಕ್ಕೆ ಸಿಕ್ಕಲಿಲ್ಲ. ಆ ತಂತ್ರಾಂಶದ ಡಿಸ್ಕು ಚೆನ್ನಾಗಿಯೇ ಇದ್ದಿತು. ಆದರೆ ಅದು ಓಡಬೇಕಾದರೆ ಅಂದಿನ ಆಪರೇಟಿಂಗ್ ಸಿಸ್ಟಮ್ಮೇ ಬೇಕು. ಅದನ್ನು ಅವರು ರಶೀತಿ ಸಮೇತ ಕೊಂಡವರು. ರಶೀತಿ ಉಳಿದಿತ್ತು, ಡಿಸ್ಕು ಬೂಷ್ಟು ಹಿಡಿದು ಸತ್ತಿತ್ತು.

“ತಾತ, ಐದು ನಿಮಿಷ ಕೊಡಿ, ನಾನು ಇಳಿಸಿಕೊಡ್ತೀನಿ” ಎಂದ ಮೊಮ್ಮಗ.

“ಅದು ಯಾರದಪ್ಪಾ?”

“ಕಂಪನೀದು. ಆದ್ರೆ ಅವರು ಮಾರೋದು ಬಿಟ್ಟು ಇಪ್ಪತ್ತು ವರ್ಷ ಆಯ್ತು.”

“ಬಿಟ್ಟರೇನು, ಅವರದೇ ತಾನೆ? ಕೇಳಿ ತಗೊಳ್ಳೋಣ.”

ಮೇಷ್ಟರು ಕಂಪನಿಗೆ ಬರೆದರು. ಆ ಸರಕನ್ನು ಈಗ ಮಾರುವುದಿಲ್ಲ, ಅದಕ್ಕೆ ಕೊಡುತ್ತಿದ್ದ ನೆರವನ್ನೂ ನಿಲ್ಲಿಸಿದ್ದೇವೆ ಎಂದು ಉತ್ತರ ಬಂದಿತು. ಮಾರುವುದು ಬೇಡ, ಬೇರೊಬ್ಬರ ಪ್ರತಿಯಿಂದ ನಕಲು ತೆಗೆದುಕೊಳ್ಳಲು ಅಪ್ಪಣೆ ಕೊಡಿ ಎಂದು ಇವರು ಮತ್ತೆ ಬರೆದರು. ಅದೇ ಉತ್ತರ, ಒಂದಕ್ಷರವೂ ಬದಲಾಗದೆ, ಮತ್ತೆ ಬಂದಿತು. ಅಲ್ಲಿಗೆ ಮೇಷ್ಟರು ಫ್ಲಾಪಿಗಳನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು.

ಇದು ಒಬ್ಬ ಹಳೆಗಾಲದ ಮನುಷ್ಯನ ಹಟವೆಂದು ವಾಚಕರು ನಗಬಹುದು. ನಾನೂ ಮೊದಲು ನಕ್ಕೆ. ಮನೆಗೆ ಬಂದು ಯೋಚಿಸಿದ ಮೇಲೆ ನಗು ನಿಂತಿತು. ಕಾನೂನಿಗೆ ತಲೆಬಾಗಿದವರಿಗೆ ಹಾಡುಗಳು ಇಲ್ಲವಾದವು. ಬಾಗದವನಿಗೆ ಐದು ನಿಮಿಷದಲ್ಲಿ ದಕ್ಕುತ್ತಿದ್ದವು. ಮರ್ಯಾದಸ್ಥನನ್ನು ಶಿಕ್ಷಿಸಿ ಕಳ್ಳನಿಗೆ ಬಹುಮಾನ ಕೊಡುವ ಕಾನೂನಿನಲ್ಲಿ ಎಲ್ಲಿಯೋ ಏನೋ ಕೆಟ್ಟಿರಬೇಕಷ್ಟೆ.

ಹಾಳುಗುಡಿಯ ಬಳಿ ಹೂತಿಟ್ಟ ಹೊನ್ನನ್ನು ಸರ್ಪ ಕಾಯುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಉಂಟು. ಸರ್ಪಕ್ಕೆ ಆ ಹೊನ್ನಿನಿಂದ ಆಗಬೇಕಾದದ್ದೇನೂ ಇಲ್ಲ. ಅದು ಉಣ್ಣದು, ಉಡದು, ದಾನ ಮಾಡದು. ಹತ್ತಿರ ಬಂದವರ ಮೇಲೆ ಬುಸುಗುಟ್ಟುವುದೊಂದೇ ಅದರ ಉದ್ಯೋಗ. ಮಾರುವುದನ್ನು ನಿಲ್ಲಿಸಿದ ಆಪರೇಟಿಂಗ್ ಸಿಸ್ಟಂಗಳ ಮೇಲೆ ಹಕ್ಕು ಹಿಡಿದು ಕುಳಿತಿರುವ ಕಂಪನಿಗಳ ಕೆಲಸವೂ ಇಷ್ಟೇ ಆಗಿದೆ. ಮಾರುವುದೂ ಇಲ್ಲ, ನೆರವೂ ಇಲ್ಲ, ಅಪ್ಪಣೆಯೂ ಇಲ್ಲ ಎಂಬ ಈ ಮೂರು ‘ಇಲ್ಲ’ಗಳು ಒಟ್ಟಿಗೆ ಕೂಡಿದ ಮೇಲೂ ಹಕ್ಕು ಮಾತ್ರ ಉಂಟು ಎಂಬುದು ಅನ್ಯಾಯ. ಈ ಲೇಖನದ ವಾದ ಇದೊಂದೇ.

ಮೊದಲೇ ಒಂದು ಮಾತು. ನಾನು ಕೃತಿಸ್ವಾಮ್ಯದ ವಿರೋಧಿಯಲ್ಲ. ನನ್ನದೊಂದು ಪುಸ್ತಕದ ಕಳ್ಳ ಪ್ರತಿಯನ್ನು ಫುಟ್‌ಪಾತಿನ ಮೇಲೆ ಕಂಡು ಹೊಟ್ಟೆ ಉರಿಸಿಕೊಂಡವನೇ ನಾನು. ದುಡಿದವನಿಗೆ ಫಲ ಸಲ್ಲಬೇಕು. ಆದರೆ ಸ್ವಾಮ್ಯವೆಂಬುದು ಸಮಾಜವೂ ಕರ್ತೃವೂ ಮಾಡಿಕೊಂಡ ಒಡಂಬಡಿಕೆ. ನೀನು ಕೃತಿಯನ್ನು ಲೋಕಕ್ಕೆ ಕೊಡು, ನಿನ್ನನ್ನು ಬಿಟ್ಟು ಬೇರೆಯವರು ಅದನ್ನು ಮಾರದಂತೆ ನಾವು ನೋಡಿಕೊಳ್ಳುತ್ತೇವೆ ಎಂಬುದು ಅದರ ತಿರುಳು. ಕೊಡುವುದನ್ನೇ ನಿಲ್ಲಿಸಿದವನು ಒಡಂಬಡಿಕೆಯ ತನ್ನ ಪಾಲನ್ನು ತಾನೇ ಮುರಿದಂತಾಯಿತು.

ಪುಸ್ತಕಕ್ಕೂ ಆಪರೇಟಿಂಗ್ ಸಿಸ್ಟಂಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಪುಸ್ತಕದ ಮುದ್ರಣ ನಿಂತರೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪ್ರತಿ ಸಿಕ್ಕೀತು. ಅದನ್ನು ಓದಲು ಪ್ರಕಾಶಕನ ಅಪ್ಪಣೆ ಬೇಡ, ಕನ್ನಡಕ ಇದ್ದರೆ ಸಾಕು. ಆಪರೇಟಿಂಗ್ ಸಿಸ್ಟಂ ಎಂದರೆ ಯಂತ್ರಕ್ಕೂ ನಮ್ಮ ಕೆಲಸಕ್ಕೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶ. ಅದನ್ನು ಸಾಮಾನ್ಯವಾಗಿ ಮಾರುವುದೂ ಇಲ್ಲ. ಬಳಸಲು ಲೈಸೆನ್ಸು ಕೊಡುತ್ತಾರೆ, ಅಷ್ಟೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾಕುವುದೇ ಒಂದು ನಕಲು. ಆ ನಕಲಿಗೂ ಅನುಮತಿ ಬೇಕು. ಜೊತೆಗೆ, ಅದು ಹೋದರೆ ಅದೊಂದೇ ಹೋಗುವುದಿಲ್ಲ. ಅದರ ಮೇಲೆ ನಡೆಯುತ್ತಿದ್ದ ಲೆಕ್ಕ, ನಕ್ಷೆ, ನಿಘಂಟು, ಹಾಡು ಎಲ್ಲವೂ ಅದರ ಹಿಂದೆಯೇ ಹೋಗುತ್ತವೆ.

ಇನ್ನು ಸ್ವಾಮ್ಯದ ಅವಧಿಯನ್ನು ನೋಡಿ. ಅಮೆರಿಕದ ಕಾನೂನಿನಂತೆ ಕಂಪನಿಯ ನೌಕರರು ಕಂಪನಿಗಾಗಿ ಬರೆದು ಪ್ರಕಟವಾದ ಕೃತಿಗೆ 95 ವರ್ಷ. ವಿಂಡೋಸ್ 95 ಅಂಗಡಿಗೆ ಬಂದದ್ದು 1995ರ ಆಗಸ್ಟ್ 24ರಂದು. ಕಂಪನಿ ಅದಕ್ಕೆ ನೆರವು ನಿಲ್ಲಿಸಿದ್ದು 2001ರ ಡಿಸೆಂಬರ್ 31ರಂದು. ಬಾಳಿದ್ದು ಆರು ವರ್ಷ ಚಿಲ್ಲರೆ. ಬೀಗ 2090ರ ಕೊನೆಯವರೆಗೆ. ಹೆಸರಿನಲ್ಲಿರುವ 95 ಅದು ಹುಟ್ಟಿದ ವರ್ಷವೋ ಅದಕ್ಕೆ ಹಾಕಿದ ಬೀಗದ ಅವಧಿಯೋ ಎಂದು ಕೇಳುವಂತಾಗಿದೆ! ಅಷ್ಟರೊಳಗೆ ಆ ಡಿಸ್ಕುಗಳೂ, ಅವನ್ನು ಓದುವ ಯಂತ್ರಗಳೂ, ಆ ಯಂತ್ರಗಳನ್ನು ಬಲ್ಲ ಜನರೂ ಮಣ್ಣಾಗಿರುತ್ತಾರೆ.

ನಮ್ಮ ದೇಶದ ಕಾನೂನು ಉದಾರವೆಂದು ತಿಳಿಯಬೇಡಿ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಆದ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಂ ‘ಸಾಹಿತ್ಯಕೃತಿ’ ಎನಿಸಿಕೊಂಡಿತು. ಕವಿತೆಗೂ ಕಾದಂಬರಿಗೂ ಇರುವ ಅಳತೆಗೋಲೇ, ಅಂದರೆ ಕರ್ತೃವಿನ ಜೀವಮಾನ ಮತ್ತು ಆಮೇಲೆ 60 ವರ್ಷ, ಅದಕ್ಕೂ ಬಂದಿತು. ಸಾಹಿತ್ಯದ ಗೌರವ ಸಿಕ್ಕಿತೆಂದು ನಾವು ಸಂತೋಷಪಡಬೇಕೆ? ಕಾವ್ಯ ಅರವತ್ತು ವರ್ಷ ಕಾದರೂ ಓದಲು ಬರುತ್ತದೆ. ತಂತ್ರಾಂಶ ಅಷ್ಟು ದಿನ ಕಾದರೆ ಅದನ್ನು ತೆರೆಯುವವರೇ ಇರುವುದಿಲ್ಲ.

ಮೇಷ್ಟರಂಥವರಿಗೆ ಆ ಕಾಯಿದೆಯಲ್ಲಿ ದಾರಿಯೇ ಇಲ್ಲವೆ ಎಂದು ಹುಡುಕಿದೆ. ಮೂರು ಬಾಗಿಲು ಕಂಡವು. 52ನೆಯ ಕಲಮು, ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು ಅದು ಕೆಟ್ಟೀತೆಂಬ ಭಯದಿಂದ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬಹುದು ಎನ್ನುತ್ತದೆ. ಸಂತೋಷ. ಆದರೆ ‘ಆ ಪ್ರತಿಯಿಂದಲೇ’ ಮಾಡಬೇಕು. ಪ್ರತಿ ಕೆಟ್ಟ ಮೇಲೆ ಅದರಿಂದ ನಕಲು ಮಾಡುವುದು ಹೇಗೆ? ಮನೆ ಸುಟ್ಟ ಮೇಲೆ ಬಾವಿ ತೋಡಲು ಅಪ್ಪಣೆ ಕೊಟ್ಟಂತಾಯಿತು.

ಎರಡನೆಯದು ಗ್ರಂಥಾಲಯಗಳ ಬಾಗಿಲು. 2012ರ ತಿದ್ದುಪಡಿಯಂತೆ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಇಡಬಹುದು. ಆದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಗ್ರಂಥಾಲಯದಲ್ಲಿರಬೇಕಂತೆ! ತಾಳೆಗರಿಗೆ ಈ ಮಾತು ಒಪ್ಪುತ್ತದೆ, ಮುದ್ರಿತ ಪುಸ್ತಕಕ್ಕೂ ಒಪ್ಪುತ್ತದೆ. ಹುಟ್ಟುವಾಗಲೇ ಡಿಜಿಟಲ್ ಆಗಿ ಹುಟ್ಟಿದ ಆಪರೇಟಿಂಗ್ ಸಿಸ್ಟಂಗೆ ಡಿಜಿಟಲ್ ಅಲ್ಲದ ಪ್ರತಿಯನ್ನು ಎಲ್ಲಿಂದ ತರುವುದು? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಪಾರ್ಲಿಮೆಂಟು ಕೊಟ್ಟದ್ದನ್ನು ಒಂದು ವಿಶೇಷಣ ಕಸಿದುಕೊಂಡಿದೆ.

ಮೂರನೆಯದು 31ನೆಯ ಕಲಮು. ಸ್ವಾಮ್ಯದಾರನು ಪುನಃ ಪ್ರಕಟಿಸಲು ಒಪ್ಪದೆ ಕೃತಿ ಜನರಿಂದ ಮರೆಯಾಗಿದ್ದರೆ, ದೂರು ಕೊಟ್ಟು, ವಿಚಾರಣೆ ನಡೆಸಿ, ಪರಿಹಾರ ತೆತ್ತು ಲೈಸೆನ್ಸು ಪಡೆಯಬಹುದು. ತತ್ತ್ವ ಬಹಳ ಒಳ್ಳೆಯದು. ಮುಚ್ಚಿಟ್ಟ ಕೃತಿಯ ಮೇಲೆ ಸಮಾಜಕ್ಕೂ ಹಕ್ಕುಂಟೆಂದು ನಮ್ಮ ಕಾಯಿದೆಯೇ ಒಪ್ಪಿದಂತಾಯಿತು. ಆದರೆ ಏಳು ಫ್ಲಾಪಿಗಳ ಹಾಡಿಗಾಗಿ ಪಿಂಚಣಿದಾರನೊಬ್ಬ ವಕೀಲರನ್ನು ಹಿಡಿದು ವಿದೇಶೀ ಕಂಪನಿಯ ಮೇಲೆ ವ್ಯಾಜ್ಯ ಹೂಡಬೇಕೆಂದರೆ, ಅದು ಬಾಗಿಲಲ್ಲ, ಗೋಡೆಯ ಮೇಲೆ ಬರೆದ ಬಾಗಿಲಿನ ಚಿತ್ರ.

ಸ್ವತ್ತು ಕಂಪನಿಗಳದು, ಯಾವಾಗ ಕೊಡಬೇಕೆಂಬುದು ಅವರಿಗೆ ತಿಳಿಯದೆ ಎನ್ನುವವರುಂಟು. ಅವರಿಗೆ ತಿಳಿದಿರುವುದು ಎಷ್ಟೆಂಬುದಕ್ಕೆ ಮೂರು ಕತೆ ಹೇಳುತ್ತೇನೆ.

1974ರಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಎಂಬ ಮೇಧಾವಿ ಸಿಪಿ/ಎಂ ಎಂಬುದನ್ನು ರಚಿಸಿದ. ಸಣ್ಣ ಕಂಪ್ಯೂಟರುಗಳಲ್ಲಿ ಮೊದಲು ವ್ಯಾಪಕವಾಗಿ ಹರಡಿದ ಆಪರೇಟಿಂಗ್ ಸಿಸ್ಟಂ ಅದು. 1991ರಲ್ಲಿ ಅವನ ಕಂಪನಿಯನ್ನು ನೋವೆಲ್ ಕೊಂಡಿತು. 1996ರಲ್ಲಿ ಆ ಸ್ವತ್ತನ್ನು ಕ್ಯಾಲ್ಡೆರಾ ಕೊಂಡಿತು. ಅಲ್ಲಿಂದ ಲಿನಿಯೋಗೆ ಹೋಯಿತು. 2001ರಲ್ಲಿ ಸ್ವಾಮ್ಯದಾರರು ಅದನ್ನು ಹಂಚಲು ಒಬ್ಬ ಉತ್ಸಾಹಿಯ ಸಂಗ್ರಹಕ್ಕೆ ಅನುಮತಿ ಬರೆದುಕೊಟ್ಟರು. ಆ ಬರಹದ ಅರ್ಥ ಅವನೊಬ್ಬನಿಗೋ, ಎಲ್ಲರಿಗೋ? ಸಂದೇಹ ತೀರಲಿಲ್ಲ. ಎಲ್ಲರಿಗೂ ಎಂದು ಸ್ಪಷ್ಟಪಡಿಸಿದ್ದು 2022ರಲ್ಲಿ. ಯಾರಿಗೂ ಕಾಸಿನ ಲಾಭವಿಲ್ಲದ ಒಂದು ವಾಕ್ಯದ ಅರ್ಥವಿವರಣೆಗೆ ಇಪ್ಪತ್ತೊಂದು ವರ್ಷ!

ಎರಡನೆಯದು ಯುನಿಕ್ಸ್. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ್ದು. ಅದರ ಆರನೆಯ ಆವೃತ್ತಿಗೆ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಜಾನ್ ಲಯನ್ಸ್ ತನ್ನ ವಿದ್ಯಾರ್ಥಿಗಳಿಗಾಗಿ, ನಮ್ಮ ಪಂಡಿತರು ಕಾವ್ಯಕ್ಕೆ ಟೀಕೆ ಬರೆಯುವಂತೆ, ಸಾಲುಸಾಲಿಗೆ ವ್ಯಾಖ್ಯಾನ ಬರೆದ. 1979ರ ಏಳನೆಯ ಆವೃತ್ತಿಯ ಲೈಸೆನ್ಸಿನಲ್ಲಿ ಕಂಪನಿ ಮೂಲಪಾಠವನ್ನು ತರಗತಿಯಲ್ಲಿ ಬೋಧಿಸಕೂಡದೆಂದು ಕಟ್ಟು ಹಾಕಿತು. ಲಯನ್ಸನ ವ್ಯಾಖ್ಯಾನ ಬಹಿರಂಗವಾಗಿ ಅಚ್ಚಾದದ್ದು 1996ರಲ್ಲಿ. ನಡುವಿನ ವರ್ಷಗಳಲ್ಲಿ ಅದನ್ನು ಬದುಕಿಸಿದವರು ಯಾರು? ಗುಟ್ಟಾಗಿ ಫೋಟೋಕಾಪಿ ಮಾಡಿ, ನಕಲಿನ ನಕಲನ್ನು ಕೈಯಿಂದ ಕೈಗೆ ದಾಟಿಸಿದ ವಿದ್ಯಾರ್ಥಿಗಳು.

ಅದರ ಮುಂದಿನ ಭಾಗ ಇನ್ನೂ ಸೋಜಿಗದ್ದು. 2002ರಲ್ಲಿ ಕ್ಯಾಲ್ಡೆರಾ ಕಂಪನಿ ಹಳೆಯ ಯುನಿಕ್ಸ್ ಆವೃತ್ತಿಗಳನ್ನು ಎಲ್ಲರ ಬಳಕೆಗೂ ಬಿಟ್ಟುಕೊಟ್ಟಿತು. ಜನ ಕೊಂಡಾಡಿದರು. ಆಮೇಲೆ ಅದೇ ಕಂಪನಿ ಎಸ್‌ಸಿಓ ಎಂಬ ಹೊಸ ಹೆಸರಿನಿಂದ ಯುನಿಕ್ಸ್ ತನ್ನದೆಂದು ಕೋರ್ಟು ಹತ್ತಿತು. 2010ರಲ್ಲಿ ಅಮೆರಿಕದ ನ್ಯಾಯಮಂಡಲಿ, ಅದರ ಸ್ವಾಮ್ಯ ಇವರಿಗೆ ವರ್ಗವಾಗಿಯೇ ಇಲ್ಲ, ನೋವೆಲ್ಲಿನಲ್ಲಿಯೇ ಉಳಿದಿದೆ ಎಂದು ತೀರ್ಪಿತ್ತಿತು. ಹಾಗಾದರೆ 2002ರ ದಾನದ ಗತಿಯೇನು? ತನ್ನದಲ್ಲದ ಹಸುವನ್ನು ಗೋದಾನ ಮಾಡಿದ ಹಾಗಾಯಿತಲ್ಲ! ಕಾಯುವ ಸರ್ಪಕ್ಕೇ ನಿಧಿ ಯಾರದೆಂದು ಗೊತ್ತಿಲ್ಲದಿದ್ದರೆ ದಾರಿಹೋಕ ಯಾರನ್ನು ಕೇಳಬೇಕು?

ಮೂರನೆಯದು ನೇರವಾಗಿ ಗಡಿಯಾರದ ಕತೆ. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ವ್ಯಾಕ್ಸ್ ಯಂತ್ರಗಳು 1977ರಲ್ಲಿ ಬಂದವು. ಅವುಗಳ ಆಪರೇಟಿಂಗ್ ಸಿಸ್ಟಂ ವಿಎಂಎಸ್. ಆ ಕಂಪನಿ 1998ರಲ್ಲಿ ಕಾಂಪ್ಯಾಕ್ ಪಾಲಾಯಿತು, 2002ರಲ್ಲಿ ಅದೂ ಹ್ಯೂಲೆಟ್-ಪ್ಯಾಕರ್ಡ್ ಪಾಲಾಯಿತು. ಹವ್ಯಾಸಿಗಳಿಗೆ ಅವಧಿ ಗೊತ್ತುಮಾಡಿದ ಲೈಸೆನ್ಸಿನ ಕೀಲಿಯನ್ನು ಉಚಿತವಾಗಿ ಕೊಡುವ ಸತ್ಸಂಪ್ರದಾಯ ಬಹಳ ವರ್ಷ ನಡೆಯಿತು. 2020ರಲ್ಲಿ ಅದನ್ನು ನಿಲ್ಲಿಸಿದರು; ಕೊನೆಯ ಕೀಲಿಗಳ ಅವಧಿ 2021ರ ಡಿಸೆಂಬರ್ 31ಕ್ಕೆ ಮುಗಿಯಿತು. ಮುಂದಿನ ಜಾತಿಯ ಯಂತ್ರಗಳ ಆವೃತ್ತಿಗಳನ್ನು ಬೇರೊಂದು ಕಂಪನಿ ಈಗ ನೋಡಿಕೊಳ್ಳುತ್ತಿದೆ. ಅದರ ಹವ್ಯಾಸಿ ಲೈಸೆನ್ಸಿನಲ್ಲಿ ವ್ಯಾಕ್ಸ್ ಸೇರಿಲ್ಲ. ಯಂತ್ರ ಗಟ್ಟಿಯಾಗಿದೆ, ಡಿಸ್ಕು ಗಟ್ಟಿಯಾಗಿದೆ, ನಡೆಸಬಲ್ಲವನೂ ಇದ್ದಾನೆ. ಪಂಚಾಂಗದಲ್ಲಿ ಒಂದು ಹಾಳೆ ಮಗುಚಿದ್ದಕ್ಕೆ ಎಲ್ಲವೂ ನಿಲ್ಲಬೇಕು.

ಬಿಟ್ಟುಕೊಟ್ಟರೆ ಏನಾದೀತೋ ಎಂಬ ಭಯಕ್ಕೂ ಅನುಭವವೇ ಉತ್ತರ ಕೊಟ್ಟಿದೆ. ಯುನಿಕ್ಸ್‌ಗೆ ಹಿರಿಯಣ್ಣನಂತಿದ್ದ ಮಲ್ಟಿಕ್ಸ್ ಕೊನೆಯ ಬಾರಿ ಕಣ್ಣು ಮುಚ್ಚಿದ್ದು 2000ದ ಅಕ್ಟೋಬರ್ 30ರಂದು, ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ. ಅದರ ಒಡೆತನ ಹೊಂದಿದ್ದ ಬುಲ್ ಕಂಪನಿ 2007ರಲ್ಲಿ ಮೂಲಪಾಠವನ್ನೇ ಲೋಕಕ್ಕೆ ಕೊಟ್ಟಿತು. ಇಂದು ಅನುಕರಣ ಯಂತ್ರಗಳ ಮೇಲೆ ಮಲ್ಟಿಕ್ಸ್ ಮತ್ತೆ ಉಸಿರಾಡುತ್ತಿದೆ. ಮೈಕ್ರೋಸಾಫ್ಟ್ ತನ್ನ ಹಳೆಯ ಎಂಎಸ್-ಡಾಸ್ ಆವೃತ್ತಿಗಳ ಮೂಲಪಾಠವನ್ನು 2014ರಲ್ಲಿ ಕಂಪ್ಯೂಟರ್ ಇತಿಹಾಸದ ವಸ್ತುಸಂಗ್ರಹಾಲಯದ ಮೂಲಕ ಓದಲು ಕೊಟ್ಟಿತು. 2018ರಲ್ಲಿ ಅವನ್ನು ಯಾರು ಬೇಕಾದರೂ ಬಳಸಬಹುದಾದ ಲೈಸೆನ್ಸಿನಡಿ ಬಿಟ್ಟಿತು. 2024ರಲ್ಲಿ ಡಾಸ್ 4ನ್ನೂ ಸೇರಿಸಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಈ ಸೌಜನ್ಯಕ್ಕೆ ನಮಸ್ಕಾರ. ಆದರೆ ಸೌಜನ್ಯವೇ ಬೇರೆ, ಹಕ್ಕೇ ಬೇರೆ. ಧರ್ಮಾತ್ಮನಿದ್ದ ಊರಿನಲ್ಲಿ ಕೆರೆ, ಇಲ್ಲದ ಊರಿನಲ್ಲಿ ಬಾಯಾರಿಕೆ ಎಂದು ಬಿಡಲಾಗುವುದಿಲ್ಲ.

ಇದಿರು ವಾದಗಳನ್ನೂ ಕೇಳೋಣ. ಹಳೆಯದರಲ್ಲಿ ಬೇರೆಯವರ ತುಣುಕುಗಳು ಸೇರಿವೆ, ಬಿಟ್ಟುಕೊಡಲು ನಮಗೊಬ್ಬರಿಗೇ ಅಧಿಕಾರವಿಲ್ಲ ಎನ್ನುತ್ತಾರೆ. ಐಬಿಎಂ ಮತ್ತು ಮೈಕ್ರೋಸಾಫ್ಟ್ ಕೂಡಿ ಆರಂಭಿಸಿದ ಓಎಸ್/2ಗೆ 2006ರ ಕೊನೆಯಲ್ಲಿ ನೆರವು ನಿಂತಿತು. ಮೂಲಪಾಠ ಕೊಡಿರೆಂದು ಬಳಕೆದಾರರು ಕೊಟ್ಟ ಮನವಿಗೆ ಐಬಿಎಂ ಒಪ್ಪಲಿಲ್ಲ. ಮೂಲಪಾಠದ ಮಟ್ಟಿಗೆ ಈ ತೊಡಕು ನಿಜವೇ ಇರಬಹುದು. ಆದರೆ ನಾನು ಕೇಳುತ್ತಿರುವುದು ಅಡುಗೆಯ ಗುಟ್ಟನ್ನಲ್ಲ. ನೀವೇ ಸಾರ್ವಜನಿಕರಿಗೆ ಬಡಿಸಿದ್ದ ಊಟವನ್ನು, ಡಿಸ್ಕಿನಲ್ಲಿ ಕೊಟ್ಟದ್ದನ್ನು ಕೊಟ್ಟಹಾಗೆಯೇ, ಉಳಿಸಿಕೊಂಡು ನಡೆಸುವ ಅನುಮತಿ ಸಾಕು.

ಹಳೆಯದು ಪುಕ್ಕಟೆಯಾದರೆ ಹೊಸದನ್ನು ಕೊಳ್ಳುವವರಿಲ್ಲ ಎನ್ನುವವರಿಗೆ ಉತ್ತರ ಸುಲಭ. ಹಳೆಯದಕ್ಕೆ ಅಷ್ಟು ಬೇಡಿಕೆಯಿದ್ದರೆ ಅದನ್ನು ಮಾರಿರಿ. ಮಾರುವವರೆಗೆ ನಮ್ಮ ತಕರಾರಿಲ್ಲ. ಮೇಷ್ಟರು ದುಡ್ಡು ಹಿಡಿದುಕೊಂಡೇ ನಿಂತಿದ್ದರು.

ಕೊನೆಯ ವಾದವೇ ಎಲ್ಲಕ್ಕಿಂತ ಅಪಾಯಕಾರಿ. ‘ಹಳೆಯ ತಂತ್ರಾಂಶ ನಕಲು ಮಾಡಿದ್ದಕ್ಕೆ ಯಾರ ಮೇಲೂ ಯಾರೂ ದಾವೆ ಹಾಕುವುದಿಲ್ಲ, ಸುಮ್ಮನೆ ಮಾಡಿಕೊಳ್ಳಿ ಸ್ವಾಮಿ.’ ಮನೆಯಲ್ಲಿ ಕುಳಿತ ಒಬ್ಬನಿಗೆ ಈ ಉಪದೇಶ ನಡೆದೀತು. ಗ್ರಂಥಾಲಯದ ಅಧಿಕಾರಿ, ವಿಶ್ವವಿದ್ಯಾನಿಲಯದ ಕುಲಸಚಿವ, ಪತ್ರಾಗಾರದ ನಿರ್ದೇಶಕ ಇದನ್ನು ನಂಬಿ ರುಜು ಹಾಕಬಲ್ಲನೆ? ಆಡಿಟ್ಟಿನವರು ಕೇಳಿದರೆ ‘ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ’ ಎಂದು ಬರೆಯಲು ಬರುತ್ತದೆಯೆ? ಆದ್ದರಿಂದ ಉಳಿಸಲು ಶಕ್ತಿಯಿರುವ ಸಂಸ್ಥೆಗಳು ಕೈಕಟ್ಟಿ ಕುಳಿತಿವೆ. ಉಳಿಸುವ ಕೆಲಸವೆಲ್ಲ ಕದ್ದುಮುಚ್ಚಿ ನಡೆಯುತ್ತಿದೆ. ಒಂದು ನಾಗರಿಕತೆಯ ನೆನಪನ್ನು ಕಾಪಾಡುವ ಹೊಣೆಯನ್ನು ಕಾನೂನು ಮೀರುವವರಿಗೆ ವಹಿಸಿಕೊಟ್ಟಿದ್ದೇವೆ.

ಹಾಗಾದರೆ ಆಗಬೇಕಾದದ್ದೇನು? ಬಹಳವಿಲ್ಲ. ಒಂದು: ಸ್ವಾಮ್ಯದಾರನು ಮಾರಾಟವನ್ನೂ ನೆರವನ್ನೂ ನಿಲ್ಲಿಸಿ ಹತ್ತು ವರ್ಷವಾದ ಆಪರೇಟಿಂಗ್ ಸಿಸ್ಟಮ್ಮನ್ನು ಲಾಭದ ಉದ್ದೇಶವಿಲ್ಲದೆ ನಕಲು ಮಾಡುವುದೂ ನಡೆಸುವುದೂ ಅಪರಾಧವಲ್ಲವೆಂದು 52ನೆಯ ಕಲಮಿನಲ್ಲಿ ಸೇರಬೇಕು. ಅವನು ಮತ್ತೆ ಮಾರಾಟಕ್ಕಿಟ್ಟ ದಿನ ಈ ವಿನಾಯಿತಿ ನಿಲ್ಲಲಿ. ಎರಡು: ಗ್ರಂಥಾಲಯಗಳಿಗೆ ಕೊಟ್ಟ ಅನುಮತಿಯಲ್ಲಿ ‘ಡಿಜಿಟಲ್ ಅಲ್ಲದ’ ಎಂಬ ವಿಶೇಷಣವನ್ನು ಹೊಡೆದುಹಾಕಬೇಕು. ಮೂರು: 1954ರ ಕಾಯಿದೆಯಂತೆ ಈ ದೇಶದಲ್ಲಿ ಪುಸ್ತಕ ಪ್ರಕಟಿಸಿದವನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಲೇಬೇಕು. ಮೂವತ್ತೆರಡು ಪುಟದ ಕಥಾಸಂಗ್ರಹ ಅಚ್ಚು ಹಾಕಿಸಿದ ಬಡ ಲೇಖಕನಿಗೂ ಇರುವ ಈ ಕರ್ತವ್ಯ, ಇಲ್ಲಿ ಲಕ್ಷಾಂತರ ಜನರಿಗೆ ಲೈಸೆನ್ಸು ಹಂಚುವ ಕಂಪನಿಗೂ ಇರಲಿ. ಪ್ರತಿಯ ಜೊತೆಗೆ ಅದರ ಕೀಲಿಯೂ ಬರಲಿ.

ಇವುಗಳಲ್ಲಿ ಯಾವುದೂ ಯಾರ ಅನ್ನವನ್ನೂ ಕಸಿಯುವುದಿಲ್ಲ. ಯಾರೂ ಉಣ್ಣದೆ ಹಳಸುತ್ತಿರುವ ಅನ್ನದ ಮಾತು ಇದು.

ಮೊನ್ನೆ ಮತ್ತೆ ಮೇಷ್ಟರಲ್ಲಿಗೆ ಹೋಗಿದ್ದೆ. ಫ್ಲಾಪಿಗಳು ಬೀರುವಿನಲ್ಲಿಯೇ ಇದ್ದವು. “ಎಷ್ಟು ಪದಗಳು ನೆನಪಿವೆ, ಮೇಷ್ಟ್ರೇ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಬೆರಳು ಮಡಿಸಿ ಎಣಿಸಿದರು. “ಹನ್ನೆರಡೋ ಹದಿಮೂರೋ. ಮುನ್ನೂರು ಚಿಲ್ಲರೆ ಇದ್ದವು” ಎಂದರು. ಮೊಮ್ಮಗ ಅಲ್ಲಿಯೇ ಕುಳಿತಿದ್ದ. ಅವನು ನನ್ನ ಮುಖ ನೋಡಿದ; ತಾತ ಇಲ್ಲದ ವೇಳೆಯಲ್ಲಿ ಆ ಐದು ನಿಮಿಷದ ಕೆಲಸ ಮಾಡಿಬಿಡಲೇ ಎಂಬ ಪ್ರಶ್ನೆ ಅವನ ಕಣ್ಣಿನಲ್ಲಿತ್ತು. ಬೇಡ ಎನ್ನಲು ನನಗೆ ಬಾಯಿ ಬರ‍ಲಿಲ್ಲ. ಮಾಡು ಎನ್ನಲೂ ಬರಲಿಲ್ಲ. ಆ ಹುಡುಗ ಕಳ್ಳನಾಗದೆ ತನ್ನ ತಾತನ ಹಾಡುಗಳನ್ನು ಉಳಿಸುವಂತೆ ಮಾಡುವುದು ಕಾನೂನು ಬರೆಯುವವರ ಕೈಯಲ್ಲಿದೆ.